ಡಾಕ್ಟರ ಚೀಟಿಯಲ್ಲೂ ಅದೇ, ಪೊಲೀಸರ ಪಂಚನಾಮೆಯಲ್ಲೂ ಅದೇ?

ನಮ್ಮ ಕಡೆಯ ಪತ್ರಿಕೆಗಳಲ್ಲಿ ಕ್ರೈಂ ಸುದ್ದಿ ಓದುವವರಿಗೆ ಒಂದು ಗೊಂದಲ ಬಹಳ ದಿನದಿಂದ ಇದೆ. ಒಂದು ದಿನ ಗಾಂಜಾ ಸಿಕ್ಕಿತು ಅಂತ ಬರುತ್ತದೆ, ಇನ್ನೊಂದು ದಿನ ನಿದ್ರೆ ಗುಳಿಗೆ, ಮತ್ತೊಂದು ದಿನ ಎಂಡಿಎಂಎ, ಆಮೇಲೆ ಜಿಮ್ ಹುಡುಗರ ಇಂಜೆಕ್ಷನ್. ತಲೆಬರಹ ಮಾತ್ರ ಎಲ್ಲದಕ್ಕೂ ಒಂದೇ, ‘ಮಾದಕ ವಸ್ತು ವಶ’. 2025ರ ಜುಲೈಯಲ್ಲಿ ಮುಂಬೈ ಪೊಲೀಸರು ಮೈಸೂರಿಗೆ ಬಂದು, ಮೆಫೆಡ್ರೋನ್ ತಯಾರಿಸುತ್ತಿದ್ದ ಜಾಗದ ಮೇಲೆ ದಾಳಿ ಮಾಡಿ, ನೂರಾರು ಕೋಟಿಯ ಮಾಲು ಹಿಡಿದೆವು ಅಂದರು. ಆಗ ಮೆಫೆಡ್ರೋನ್ ಅಂದರೆ ಏನು ಅಂತ ಬಹಳ ಜನಕ್ಕೆ ಗೊತ್ತೇ ಇರಲಿಲ್ಲ. ಅದನ್ನು ಎಂಡಿ ಅಂತಾರೆ. ಎಂಡಿಎಂಎ ಬೇರೆ. ಇವೆರಡನ್ನೂ ಒಂದೇ ಅಂದುಕೊಂಡವರೇ ಜಾಸ್ತಿ.

ಇದರ ಜೊತೆಗೆ ಇನ್ನೊಂದು ಗೊಂದಲ ಸದ್ದಿಲ್ಲದೆ ಮನೆಯೊಳಗೆ ನಡೆಯುತ್ತದೆ. ಒಂದು ಕಡೆ ಕೂರಲಾಗದ, ಓದಿದ್ದು ತಲೆಯಲ್ಲಿ ನಿಲ್ಲದ ಮಗುವನ್ನು ಧಾರವಾಡಕ್ಕೋ ಹುಬ್ಬಳ್ಳಿಗೋ ಕರೆದುಕೊಂಡು ಹೋಗುತ್ತಾರೆ. ಡಾಕ್ಟರು ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ ಅತಿ ಚಂಚಲತೆಯ ಸಮಸ್ಯೆ, ಅಂತ ಹೇಳಿ ಮಿಥೈಲ್‌ಫೆನಿಡೇಟ್ ಅಂತ ಒಂದು ಗುಳಿಗೆ ಬರೆಯುತ್ತಾರೆ. ಅಪ್ಪ ಮೊಬೈಲಿನಲ್ಲಿ ಹುಡುಕಿದರೆ ಅದೇ ಗುಳಿಗೆ ಮಾದಕ ವಸ್ತುಗಳನ್ನು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿ ಕಾಣುತ್ತದೆ. ಪೇಪರಿನಲ್ಲಿ ಜನರನ್ನು ಜೈಲಿಗೆ ಕಳಿಸುವ ಕಾಯ್ದೆ ಅದು. ಹಾಗಾದರೆ ಡಾಕ್ಟರು ಮಗುವಿಗೆ ಡ್ರಗ್ಸ್ ಕೊಡ್ತಿದ್ದಾರಾ?

ಉತ್ತರ ಬಿಡಿಸಿ ಹೇಳಬೇಕಾದದ್ದು. ಒಂದೇ ಜಾತಿಯ ರಾಸಾಯನಿಕ ಒಂದು ಕಡೆ ಮದ್ದು, ಇನ್ನೊಂದು ಕಡೆ ಚಟ ಆಗುವುದಕ್ಕೆ ಕಾರಣಗಳಿವೆ. ಆ ಕಾರಣ ಗೊತ್ತಿಲ್ಲದೆ ಎಲ್ಲವನ್ನೂ ‘ಡ್ರಗ್ಸ್’ ಅಂತ ಒಂದೇ ಚೀಲಕ್ಕೆ ತುಂಬಿದರೆ ಪೆಟ್ಟು ಬೀಳುವುದು ತಪ್ಪು ಜಾಗಕ್ಕೆ.

ಏರಿಸುವ ಮದ್ದು, ಇಳಿಸುವ ಮದ್ದು

ಮೊದಲು ಜಾತಿ ಬೇರೆ ಮಾಡೋಣ. ನಿದ್ರೆಗೆ ಕೊಡುವ ನೈಟ್ರಾಜೆಪಾಮ್, ನೋವಿಗೆ ಕೊಡುವ ಟ್ರಮಡಾಲ್, ಟಾಪೆಂಟಡಾಲ್ ಇವೆಲ್ಲ ನರಗಳ ಕೆಲಸವನ್ನು ನಿಧಾನ ಮಾಡುವಂಥವು. ಜಾಸ್ತಿಯಾದರೆ ಉಸಿರೇ ನಿಧಾನವಾಗಿ ನಿಂತುಹೋಗಬಹುದು. ಗಾಂಜಾ ಇನ್ನೊಂದು ಜಾತಿ, ಅದನ್ನು ಏರಿಸುವ, ಇಳಿಸುವ ಎರಡು ಜಾತಿಯ ಲೆಕ್ಕಕ್ಕೂ ಸರಿಯಾಗಿ ಸೇರಿಸಲಾಗದು.

ಉತ್ತೇಜಕ, ಅಂದರೆ ಸ್ಟಿಮ್ಯುಲಂಟ್, ಇಳಿಸುವ ಮದ್ದಿಗೆ ತದ್ವಿರುದ್ಧ. ಎದೆ ಬಡಿತ ಏರುತ್ತದೆ, ಬಿಪಿ ಏರುತ್ತದೆ, ನಿದ್ದೆ ಹಸಿವು ಎರಡೂ ದೂರ ಹೋಗುತ್ತವೆ. ತಲೆ ಚುರುಕಾದ ಹಾಗೆ ಅನಿಸುತ್ತದೆ. ಕೊಕೇನ್, ಆಂಫೆಟಮಿನ್, ಮೆಥಾಂಫೆಟಮಿನ್, ಮೆಫೆಡ್ರೋನ್ ಈ ಸಾಲಿನವು. ಎಂಡಿಎಂಎ ಕೂಡ ಇದೇ ಮನೆತನದ್ದು, ಅದರಲ್ಲಿ ಮನಸ್ಸಿನ ಭಾವನೆಯನ್ನು ಬದಲಿಸುವ ಗುಣ ಇನ್ನಷ್ಟು ಸೇರಿದೆ. ಡಾಕ್ಟರು ಬರೆಯುವ ಮಿಥೈಲ್‌ಫೆನಿಡೇಟ್, ಮೊಡಾಫಿನಿಲ್ ಕೂಡ ಉತ್ತೇಜಕಗಳೇ. ಅಷ್ಟೇ ಯಾಕೆ, ಬೆಳಗಿನ ಚಹಾದ ಕೆಫೀನ್, ಬೀಡಿಯ ನಿಕೋಟಿನ್, ಎಲೆ ಅಡಿಕೆಯ ಅಡಿಕೆ, ಇವೂ ಸಣ್ಣ ಪ್ರಮಾಣದಲ್ಲಿ ಅದೇ ಕೆಲಸ ಮಾಡುತ್ತವೆ. ಹಾವೇರಿ, ಗದಗ ಕಡೆ ದಿನಕ್ಕೆ ಹತ್ತು ಸಲ ಗುಟ್ಕಾ ಹಾಕುವವರು ಡ್ರಗ್ಸ್ ಸುದ್ದಿ ಓದಿ ‘ಹುಡುಗರು ಕೆಟ್ಟರು’ ಅನ್ನುವುದುಂಟು. ಅದು ಬೇರೆ ಮಾತು, ಬಿಡಿ.

ಒಳಗೆ ನಡೆಯುವುದು ಹೀಗೆ. ಮೆದುಳಿನ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಕಳಿಸಲು ಡೋಪಮಿನ್, ನಾರ್‌ಅಡ್ರಿನಲಿನ್ ಅನ್ನುವ ರಾಸಾಯನಿಕಗಳನ್ನು ಬಿಡುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ವಾಪಸ್ ಒಳಗೆ ಎಳೆದುಕೊಳ್ಳುತ್ತದೆ. ಮಿಥೈಲ್‌ಫೆನಿಡೇಟ್ ಮತ್ತು ಕೊಕೇನ್ ಈ ವಾಪಸ್ ಎಳೆಯುವ ದಾರಿಯನ್ನು ಮುಚ್ಚುತ್ತವೆ. ಆಂಫೆಟಮಿನ್ ಜಾತಿಯವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಒಳಗಿದ್ದ ದಾಸ್ತಾನನ್ನೂ ಹೊರಗೆ ಸುರಿಸುತ್ತವೆ.

ಕೊಕೇನ್ ಮುಚ್ಚುವ ದಾರಿಯನ್ನೇ ಮಕ್ಕಳ ಗುಳಿಗೆಯೂ ಮುಚ್ಚುತ್ತದೆ ಅಂದರೆ ಎದೆ ಧಸಕ್ ಅನ್ನುತ್ತದೆ, ಅಲ್ವಾ? ಇಲ್ಲಿ ಮುಖ್ಯವಾದದ್ದು ವೇಗ. ಡಾಕ್ಟರು 5 ಮಿಲಿಗ್ರಾಂನಂಥ ಸಣ್ಣ ಪ್ರಮಾಣದಿಂದ ಶುರು ಮಾಡಿ ಬಾಯಿಂದ ಕೊಡುವ ಗುಳಿಗೆ ಹೊಟ್ಟೆಗೆ ಹೋಗಿ, ಕರಗಿ, ರಕ್ತಕ್ಕೆ ಸೇರಿ ಮೆದುಳಿಗೆ ಮುಟ್ಟುವುದಕ್ಕೆ ಸಮಯ ಬೇಕು. ಡೋಪಮಿನ್ ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುತ್ತದೆ. ಮೆದುಳಿಗೆ ಅದು ‘ಭಾರೀ ಸುಖ’ ಅಂತ ದಾಖಲಾಗುವುದಿಲ್ಲ. ಸೇದಿದಾಗ, ಮೂಗಿನಿಂದ ಎಳೆದಾಗ, ಚುಚ್ಚಿಕೊಂಡಾಗ ಅದು ಸೆಕೆಂಡು, ನಿಮಿಷಗಳಲ್ಲಿ ಧಿಗ್ಗನೆ ಏರುತ್ತದೆ. ಆ ಏರಿಕೆಯೇ ಚಟದ ಬೇರು. ಇಳಿದಾಗ ಆಗುವ ಕುಸಿತ, ಸುಸ್ತು, ಜಿಗುಪ್ಸೆ ಮತ್ತೆ ಅದನ್ನೇ ಹುಡುಕುವಂತೆ ಮಾಡುತ್ತದೆ. ಹಾಗಾಗಿ ಪ್ರಮಾಣ, ದೇಹಕ್ಕೆ ಹೋಗುವ ದಾರಿ, ನೋಡಿಕೊಳ್ಳುವ ಡಾಕ್ಟರು, ಈ ಮೂರರ ಮೇಲೆ ಮದ್ದೋ ವಿಷವೋ ಅನ್ನುವುದು ನಿಂತಿದೆ.

ಆಸ್ಪತ್ರೆಯಲ್ಲಿ ಇವುಗಳ ಕೆಲಸ

ಈ ಮದ್ದುಗಳಲ್ಲಿ ಹಲವು ಮೊದಲು ಬಂದದ್ದು ಆಸ್ಪತ್ರೆಗೆ, ಬೀದಿಗೆ ಇಳಿದದ್ದು ಆಮೇಲೆ. ಆಂಫೆಟಮಿನ್ ಮೊದಲು ತಯಾರಾದದ್ದು 1887ರಲ್ಲಿ. 1930ರ ದಶಕದಲ್ಲಿ ಅಮೆರಿಕದಲ್ಲಿ ಅದನ್ನು ಮೂಗು ಕಟ್ಟಿದ್ದಕ್ಕೆ ಮಾರುತ್ತಿದ್ದರು. 1937ರಲ್ಲಿ ಚಾರ್ಲ್ಸ್ ಬ್ರಾಡ್ಲಿ ಅನ್ನುವ ವೈದ್ಯರು ನಡವಳಿಕೆ ಸಮಸ್ಯೆ ಇದ್ದ ಮಕ್ಕಳಿಗೆ ಇದನ್ನು ಕೊಟ್ಟಾಗ ಮಕ್ಕಳು ಶಾಂತವಾಗಿ ಕೂತು ಪಾಠ ಕಲಿತದ್ದನ್ನು ಬರೆದಿಟ್ಟರು. ಚುರುಕು ಮಾಡುವ ಮದ್ದು ಚಂಚಲ ಮಗುವನ್ನು ಶಾಂತ ಮಾಡುವುದು ವಿಚಿತ್ರ ಅನಿಸಬಹುದು. ಗಮನವನ್ನು ಹಿಡಿದಿಡುವ, ಆತುರವನ್ನು ತಡೆಯುವ ಮೆದುಳಿನ ಮುಂಭಾಗ ಎಡಿಎಚ್‌ಡಿಯಲ್ಲಿ ಸಾಕಷ್ಟು ಕೆಲಸ ಮಾಡುವುದಿಲ್ಲ. ಔಷಧಿ ಅದನ್ನು ಎಬ್ಬಿಸುತ್ತದೆ. ಬ್ರೇಕ್ ಸರಿಯಾದರೆ ಗಾಡಿ ನಿಧಾನವಾದ ಹಾಗೆ.

ಮಿಥೈಲ್‌ಫೆನಿಡೇಟ್ 1944ರಲ್ಲಿ ಸ್ವಿಜರ್ಲೆಂಡಿನ ಸೀಬಾ ಕಂಪನಿಯಲ್ಲಿ ತಯಾರಾಯಿತು. ಇವತ್ತು ಆರು ವರ್ಷ ಮೇಲ್ಪಟ್ಟ ಮಕ್ಕಳ ಎಡಿಎಚ್‌ಡಿಗೆ ಜಗತ್ತಿನಾದ್ಯಂತ ಮೊದಲು ಯೋಚಿಸುವ ಔಷಧಿಗಳಲ್ಲಿ ಇದೂ ಒಂದು. ಅಡ್ಡಪರಿಣಾಮ ಇಲ್ಲ ಅಂತಲ್ಲ. ಹಸಿವು ಕಡಿಮೆಯಾಗುತ್ತದೆ, ನಿದ್ದೆ ತಡವಾಗುತ್ತದೆ, ನಾಡಿ, ಬಿಪಿ ಸ್ವಲ್ಪ ಏರಬಹುದು. ಅದಕ್ಕೇ ಡಾಕ್ಟರು ಪ್ರತಿ ಭೇಟಿಯಲ್ಲೂ ಮಗುವಿನ ತೂಕ, ಎತ್ತರ, ಬಿಪಿ ನೋಡುತ್ತಾರೆ. ಚಿಕ್ಕಂದಿನಲ್ಲಿ ಈ ಔಷಧಿ ತಗೊಂಡ ಮಕ್ಕಳು ಮುಂದೆ ಚಟಕ್ಕೆ ಬೀಳುವುದು ಜಾಸ್ತಿ ಅನ್ನುವ ಭಯ ಬಹಳ ಹಳೆಯದು. ಬೇರೆ ಬೇರೆ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಅದಕ್ಕೆ ಆಧಾರ ಸಿಕ್ಕಿಲ್ಲ. ಚಿಕಿತ್ಸೆ ಸಿಗದೆ ಉಳಿದ ಎಡಿಎಚ್‌ಡಿಯೇ ಚಟದ ಅಪಾಯ ಹೆಚ್ಚಿಸುತ್ತದೆ ಅನ್ನುವುದಕ್ಕೆ ಆಧಾರ ಇದೆ.

ಮೊಡಾಫಿನಿಲ್ ಇರುವುದು ಹಗಲಲ್ಲಿ ಎಲ್ಲೆಂದರಲ್ಲಿ ನಿದ್ದೆಗೆ ಬೀಳುವ ನಾರ್ಕೊಲೆಪ್ಸಿ ಕಾಯಿಲೆಗೆ, ರಾತ್ರಿ ಪಾಳಿಯಿಂದ ನಿದ್ದೆ ಕೆಟ್ಟವರಿಗೆ. ಕೊಕೇನ್ 1884ರಲ್ಲಿ ಕಣ್ಣಿನ ಆಪರೇಷನ್‌ಗೆ ಮರಗಟ್ಟಿಸುವ ಮದ್ದಾಗಿ ಬಂದು ಶಸ್ತ್ರಚಿಕಿತ್ಸೆಯ ದಾರಿಯನ್ನೇ ಬದಲಿಸಿತು. ಈಗ ಅದರ ಜಾಗವನ್ನು ಬೇರೆ ಮದ್ದುಗಳು ತಗೊಂಡಿವೆ.

ಇನ್ನು ಮೆಫೆಂಟರ್ಮಿನ್. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಸಿಜೇರಿಯನ್‌ಗೆ ಬೆನ್ನಿಗೆ ಅರಿವಳಿಕೆ ಕೊಟ್ಟಾಗ ತಾಯಿಯ ಬಿಪಿ ದಿಢೀರನೆ ಇಳಿಯುವುದುಂಟು. ಆಗ ಅರಿವಳಿಕೆ ತಜ್ಞರು ಈ ಇಂಜೆಕ್ಷನ್ ಅನ್ನು ಸಣ್ಣ ಪ್ರಮಾಣದಲ್ಲಿ ಕೊಟ್ಟು, ಪಕ್ಕದ ಮಾನಿಟರ್ ನೋಡುತ್ತಾ, ಬಿಪಿ ಏರಿಸುತ್ತಾರೆ. ಆಪರೇಷನ್ ಥಿಯೇಟರಿನಲ್ಲಿ ಇರಬೇಕಾದ ಮದ್ದು ಅದು.

ಬೀದಿಯ ಹೆಸರುಗಳು

ಮೆಥಾಂಫೆಟಮಿನ್ ಹರಳಿನ ರೂಪದಲ್ಲಿ ಬಂದರೆ ಐಸ್, ಕ್ರಿಸ್ಟಲ್, ಇಲ್ಲ ಬರೀ ಮೆಥ್. ಅದನ್ನೇ ಕೆಫೀನ್ ಜೊತೆ ಬೆರೆಸಿ ಬಣ್ಣದ ಗುಳಿಗೆ ಮಾಡಿದರೆ ಯಾಬಾ. ಅದು ಮ್ಯಾನ್ಮಾರ್ ಗಡಿಯಿಂದ ಈಶಾನ್ಯ ರಾಜ್ಯಗಳಿಗೆ ಬರುವ ಮಾಲು. ಆಂಫೆಟಮಿನ್‌ಗೆ ಸ್ಪೀಡ್. ಕೊಕೇನ್‌ಗೆ ಕೋಕ್, ಸ್ನೋ, ಚಾರ್ಲಿ. ಎಂಡಿಎಂಎ ಗುಳಿಗೆಯಾದರೆ ಎಕ್ಸ್ಟಸಿ, ಪುಡಿಯಾದರೆ ಮಾಲಿ. ಮೆಫೆಡ್ರೋನ್‌ಗೆ ಎಂಡಿ, ಮ್ಯಾಂವ್ ಮ್ಯಾಂವ್.

ಈ ಹೆಸರುಗಳು ಗಿರಾಕಿಗೆ ಗುರುತು, ಹೊರಗಿನವರಿಗೆ ಮರೆ. ದೊಡ್ಡ ತೊಂದರೆ ಬೇರೆ ಇದೆ. ಹೆಸರು ಒಂದು ಹೇಳಿ ಪೊಟ್ಟಣದಲ್ಲಿ ಕೊಡುವುದು ಇನ್ನೊಂದು. ಎಂಡಿಎಂಎ ಅಂತ ಮಾರಿದ ಪುಡಿಯಲ್ಲಿ ಮೆಫೆಡ್ರೋನ್ ಇರಬಹುದು, ಮೆಥ್ ಇರಬಹುದು, ಕೆಫೀನ್ ಬೆರೆತಿರಬಹುದು. ಕೊಳ್ಳುವವನಿಗೆ ಗೊತ್ತಾಗುವುದಿಲ್ಲ. ಎಷ್ಟೋ ಸಲ ಮಾರುವವನಿಗೂ ಗೊತ್ತಿರುವುದಿಲ್ಲ. ಹಿಂದಿನ ಸಲ ತಗೊಂಡಷ್ಟೇ ಈ ಸಲವೂ ತಗೊಂಡೆ ಅನ್ನುವ ಲೆಕ್ಕಕ್ಕೆ ಅರ್ಥವೇ ಉಳಿಯುವುದಿಲ್ಲ.

ಎಂಡಿ, ಎಂಡಿಎಂಎ ಅಂತ ಪತ್ರಿಕೆಯವರು ಬೆರೆಸಿ ಬರೆದರೆ ಏನಾಯಿತು ಅಂತ ಕೇಳಬಹುದು. ಬಹಳ ಆಗುತ್ತದೆ. ಎನ್‌ಡಿಪಿಎಸ್ ಲೆಕ್ಕದಲ್ಲಿ ಮೆಫೆಡ್ರೋನ್‌ಗೆ 2 ಗ್ರಾಂವರೆಗೆ ಸಣ್ಣ ಪ್ರಮಾಣ, 50 ಗ್ರಾಂ ಮೇಲೆ ವಾಣಿಜ್ಯ ಪ್ರಮಾಣ. ಎಂಡಿಎಂಎಗೆ ಸಣ್ಣದು ಅರ್ಧ ಗ್ರಾಂ, ವಾಣಿಜ್ಯ ಪ್ರಮಾಣ 10 ಗ್ರಾಂ. ಒಬ್ಬನ ಜೇಬಿನಲ್ಲಿ 12 ಗ್ರಾಂ ಬಿಳಿ ಪುಡಿ ಸಿಕ್ಕಿತು ಅಂದುಕೊಳ್ಳಿ. ಅದು ಮೆಫೆಡ್ರೋನ್ ಆದರೆ ನಡುವಿನ ಪ್ರಮಾಣ, ಜಾಮೀನು ಸಿಗುವ ದಾರಿ ಇದೆ. ಎಂಡಿಎಂಎ ಆದರೆ ವಾಣಿಜ್ಯ ಪ್ರಮಾಣ, ಕನಿಷ್ಠ 10 ವರ್ಷ ಜೈಲು, ಜಾಮೀನು ಸಿಗುವುದೇ ಕಷ್ಟ. ಪುಡಿಯಲ್ಲಿ ಅರ್ಧಕ್ಕರ್ಧ ಗ್ಲೂಕೋಸ್ ಬೆರೆಸಿದ್ದರೂ ಇಡೀ ಪುಡಿಯ ತೂಕವನ್ನೇ ಲೆಕ್ಕ ಹಿಡಿಯಬೇಕು ಅಂತ 2020ರಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂದರೆ ಒಬ್ಬನ ಹತ್ತು ವರ್ಷ ನಿಂತಿರುವುದು ಲ್ಯಾಬ್ ವರದಿಯ ಒಂದು ಸಾಲಿನ ಮೇಲೆ. ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್‌ಗೆ 2023ರ ಜನವರಿಯಲ್ಲಿ ಅಡಿಗಲ್ಲು ಹಾಕಿದ್ದು ಈ ದೃಷ್ಟಿಯಿಂದ ಸಣ್ಣ ಸುದ್ದಿಯಲ್ಲ.

ನಮ್ಮ ಕಡೆ ಬರುವ ದಾರಿ

ಕೊಕೇನ್ ದೂರದ ದಕ್ಷಿಣ ಅಮೆರಿಕದ ಗಿಡದಿಂದ ಆಗಬೇಕು. ಗಾಂಜಾ ಬೆಳೆಯಲು ಹೊಲ ಬೇಕು. ಮೆಫೆಡ್ರೋನ್‌ಗೆ ಹೊಲ ಬೇಡ, ಮಳೆ ಬೇಡ. ಕೈಗಾರಿಕೆ ಪ್ರದೇಶದಲ್ಲಿ ಒಂದು ಕೆಮಿಕಲ್ ಘಟಕದ ಬೋರ್ಡ್ ಇದ್ದರೆ ಸಾಕು. 2024ರ ಫೆಬ್ರವರಿಯಲ್ಲಿ ಪುಣೆ ಪೊಲೀಸರು ಜಿಲ್ಲೆಯ ಕುರ್ಕುಂಭ ಕೈಗಾರಿಕಾ ಪ್ರದೇಶದಲ್ಲಿ ಇಂಥದ್ದೇ ಘಟಕ ಹಿಡಿದರು. ಅದರ ಮಾಲು ದೆಹಲಿಯಲ್ಲೂ ಸಿಕ್ಕಿತು, ಸಾಂಗ್ಲಿಯ ಕುಪವಾಡದಲ್ಲೂ ಸಿಕ್ಕಿತು. ಸಾಂಗ್ಲಿ ನಮಗೆ ಎಷ್ಟು ದೂರ? ಬೆಳಗಾವಿ ದಾಟಿದರೆ ಇನ್ನೆಷ್ಟು ಹೊತ್ತಿನ ದಾರಿ ಅಂತ ದಿನಾ ಓಡಾಡುವ ಲಾರಿಯವರಿಗೆ ಗೊತ್ತು. ಪುಣೆ-ಬೆಂಗಳೂರು ಹೆದ್ದಾರಿ ಧಾರವಾಡ, ಹುಬ್ಬಳ್ಳಿ, ಹಾವೇರಿ, ರಾಣೆಬೆನ್ನೂರು ಮುಟ್ಟಿಕೊಂಡೇ ಹೋಗುತ್ತದೆ. ಒಂದು ತುದಿಯಲ್ಲಿ ತಯಾರಿಕೆ, ಇನ್ನೊಂದು ತುದಿಯಲ್ಲಿ ಬೆಂಗಳೂರಿನ ಗಿರಾಕಿ. ನಡುವಿನ ಊರುಗಳು ಬರೀ ದಾರಿಯಾಗಿಯೇ ಉಳಿಯುತ್ತವೆ ಅಂತ ನಂಬುವುದು ಕಷ್ಟ.

ಇದರಿಂದ ಒಂದು ಮಾತು ಸ್ಪಷ್ಟ. ಈ ಪುಡಿ ಔಷಧಿ ಅಂಗಡಿಯಿಂದ ಸೋರುತ್ತಿಲ್ಲ. ಮೆಫೆಡ್ರೋನ್‌ಗೆ ಆಸ್ಪತ್ರೆಯಲ್ಲಿ ಯಾವ ಉಪಯೋಗವೂ ಇಲ್ಲ. ಆದರೆ ಪ್ರತಿ ಸಲ ಇಂಥ ಸುದ್ದಿ ಬಂದಾಗ ‘ಮೆಡಿಕಲ್ ಅಂಗಡಿಗಳ ಮೇಲೆ ಕಣ್ಣಿಡಿ’ ಅನ್ನುವ ಕೂಗು ಏಳುತ್ತದೆ. ಗುಳಿಗೆ, ಇಂಜೆಕ್ಷನ್ ವಿಷಯದಲ್ಲಿ ಆ ಮಾತು ಸರಿ. ಪುಡಿಯ ವಿಷಯದಲ್ಲಿ ಅದಕ್ಕೆ ತಲೆಬುಡ ಇಲ್ಲ.

ಕಪಾಟಿನ ಬೀಗ ಎಲ್ಲಿ ಬಿಗಿ, ಎಲ್ಲಿ ಸಡಿಲ

ಮಿಥೈಲ್‌ಫೆನಿಡೇಟ್ ಔಷಧಿ ಕಾಯ್ದೆಯ ಶೆಡ್ಯೂಲ್ ಎಕ್ಸ್‌ನಲ್ಲಿದೆ. ಅದನ್ನು ಮಾರಲು ಅಂಗಡಿಗೆ ಬೇರೆಯೇ ಲೈಸೆನ್ಸ್ ಬೇಕು. ಡಾಕ್ಟರು ಎರಡು ಪ್ರತಿ ಚೀಟಿ ಬರೆಯಬೇಕು. ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ಗುಳಿಗೆ ಕಪಾಟಿನಲ್ಲಿ ಬೀಗದೊಳಗೆ ಇರಬೇಕು. ಯಾರಿಗೆ, ಎಷ್ಟು, ಯಾವ ಬ್ಯಾಚ್ ಅಂತ ರಿಜಿಸ್ಟರಿನಲ್ಲಿ ಬರೆಯಬೇಕು. ಎರಡು ಸ್ಟ್ರಿಪ್ ಗುಳಿಗೆಗೆ ಇಷ್ಟು ರಗಳೆ ಯಾಕೆ ಅಂತ ಬಹಳ ಅಂಗಡಿಯವರು ಆ ಲೈಸೆನ್ಸೇ ತಗೊಳ್ಳುವುದಿಲ್ಲ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ, ಒಳ್ಳೆಯದೇ. ಆದರೆ ರೋಣದಲ್ಲೋ ಹಾನಗಲ್ಲಿನಲ್ಲೋ ಡಾಕ್ಟರು ಈ ಚೀಟಿ ಬರೆದರೂ ಗುಳಿಗೆಗಾಗಿ ತಾಯಿ ಹುಬ್ಬಳ್ಳಿ ಬಸ್ ಹತ್ತಬೇಕಾಗಬಹುದು. ಒಂದು ದಿನದ ಕೂಲಿ, ಬಸ್ ಚಾರ್ಜು, ಮತ್ತೆ ಅಂಗಡಿ ಅಂಗಡಿ ಸುತ್ತುವುದು. ಎರಡು ತಿಂಗಳು ಹೀಗಾದರೆ ಔಷಧಿ ನಿಂತುಹೋಗುತ್ತದೆ. ಆಟೊಮೋಕ್ಸೆಟಿನ್ ಅನ್ನುವ, ಉತ್ತೇಜಕ ಅಲ್ಲದ, ಸುಲಭಕ್ಕೆ ಸಿಗುವ ಔಷಧಿಯೊಂದಿದೆ. ಅದರ ಪರಿಣಾಮ ಕಾಣಲು ವಾರಗಟ್ಟಲೆ ಕಾಯಬೇಕು, ಎಲ್ಲ ಮಕ್ಕಳಿಗೂ ಹೊಂದುವುದಿಲ್ಲ.

ಈಗ ಮೆಫೆಂಟರ್ಮಿನ್‌ಗೆ ಬನ್ನಿ. ಇದು ಎನ್‌ಡಿಪಿಎಸ್ ಪಟ್ಟಿಯಲ್ಲಿ ಇಲ್ಲ. ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅನ್ನುವ ಸಾಮಾನ್ಯ ನಿಯಮ ಅಷ್ಟೇ. ಸಣ್ಣ ಗಾಜಿನ ಬಾಟಲಿ, ರಬ್ಬರ್ ಮುಚ್ಚಳ, ಒಳಗೆ ನೀರಿನಂಥ ದ್ರವ. ಜಿಮ್ ಬ್ಯಾಗಿನಲ್ಲಿ ಪ್ರೊಟೀನ್ ಡಬ್ಬಿಯ ಪಕ್ಕ ಇಟ್ಟರೆ ಯಾರಿಗೂ ಅನುಮಾನ ಬರುವುದಿಲ್ಲ. ವರ್ಕೌಟ್‌ಗೆ ಮುಂಚೆ ಚುಚ್ಚಿಕೊಂಡರೆ ದಣಿವೇ ಗೊತ್ತಾಗುವುದಿಲ್ಲ ಅಂತ ಒಬ್ಬ ಇನ್ನೊಬ್ಬನಿಗೆ ಹೇಳುತ್ತಾನೆ. ದಣಿವು ಗೊತ್ತಾಗದೇ ಇರುವುದೇ ಅಪಾಯ. ಆರೋಗ್ಯವಂತನ ಬಿಪಿ ಸರಿಯಾಗಿಯೇ ಇರುತ್ತದೆ. ಅದರ ಮೇಲೆ ಬಿಪಿ ಏರಿಸುವ ಮದ್ದು, ಅದರ ಮೇಲೆ ಭಾರ ಎತ್ತುವುದು. ಮೆದುಳಿನ ರಕ್ತನಾಳ ಒಡೆಯಬಹುದು, ಎದೆ ಬಡಿತ ಲಯ ತಪ್ಪಬಹುದು. ದಿನಾ ಬಳಸಿದರೆ ಚಟವೂ ಆಗುತ್ತದೆ, ವಿನಾಕಾರಣ ಸಂಶಯ, ಭ್ರಮೆಯೂ ಶುರುವಾಗುತ್ತದೆ. ಸೂಜಿ ಹಂಚಿಕೊಂಡರೆ ಹೆಪಟೈಟಿಸ್, ಎಚ್‌ಐವಿ ಅಪಾಯ ಬೇರೆ. ಕುಸ್ತಿ, ಕಬಡ್ಡಿ ಆಡುವ ನಮ್ಮ ಕಡೆಯ ಹುಡುಗರಿಗೆ ಇನ್ನೊಂದು ಲೆಕ್ಕವೂ ಇದೆ. ಜಾಗತಿಕ ಉದ್ದೀಪನ ತಡೆ ಸಂಸ್ಥೆ ವಾಡಾದ ಪಟ್ಟಿಯಲ್ಲಿ ಇದು ನಿಷೇಧಿತ. ಸಿಕ್ಕಿಬಿದ್ದರೆ ವರ್ಷಗಟ್ಟಲೆ ಅಖಾಡದಿಂದ ಹೊರಗೆ.

ಮಗುವಿನ ಗುಳಿಗೆಗೆ ಎರಡು ಬೀಗ, ಜಿಮ್ ಇಂಜೆಕ್ಷನ್‌ಗೆ ಅರ್ಧ ಬೀಗ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ದೊಡ್ಡ ಎಡವಟ್ಟು ಇದೇ.

ಮೂತ್ರ ಪರೀಕ್ಷೆ ಏನು ಹೇಳುತ್ತದೆ

2024ರಲ್ಲಿ ಹುಬ್ಬಳ್ಳಿ-ಧಾರವಾಡ ಪೊಲೀಸರು ಗಾಂಜಾ ಸೇವಿಸುತ್ತಾರೆ ಅನ್ನುವ ಶಂಕೆಯ ಮೇಲೆ ನೂರಾರು ಯುವಕರನ್ನು ಒಟ್ಟಿಗೆ ಕರೆತಂದು ವೈದ್ಯಕೀಯ ತಪಾಸಣೆ ಮಾಡಿಸಿದ್ದು ಎಲ್ಲರಿಗೂ ನೆನಪಿರಬೇಕು. ಬಹಳ ಜನ ಮೆಚ್ಚಿದರು, ಕೆಲವರು ಹುಬ್ಬೇರಿಸಿದರು. ಈ ಪರೀಕ್ಷೆಯ ಬಗ್ಗೆ ಎರಡು ವಿಷಯ ಗೊತ್ತಿರಬೇಕು.

ಒಂದು, ಮೂತ್ರ ಪರೀಕ್ಷೆಯ ಕಿಟ್‌ಗೆ ಒಂದೊಂದು ಡ್ರಗ್ಸ್ ಬಗ್ಗೆ ನೆನಪಿನ ಶಕ್ತಿ ಬೇರೆ ಬೇರೆ. ದಿನಾ ಗಾಂಜಾ ಸೇದುವವನ ಮೂತ್ರದಲ್ಲಿ ಅದರ ಗುರುತು ವಾರಗಟ್ಟಲೆ, ಕೆಲವೊಮ್ಮೆ ತಿಂಗಳವರೆಗೂ ಇರುತ್ತದೆ. ಆಂಫೆಟಮಿನ್, ಮೆಥ್, ಕೊಕೇನ್ ಗುರುತು ಎರಡು ಮೂರು ದಿನದಲ್ಲಿ, ಹೆಚ್ಚೆಂದರೆ ನಾಲ್ಕು ದಿನದಲ್ಲಿ ಹೋಗಿಬಿಡುತ್ತದೆ. ಮೆಫೆಡ್ರೋನ್ ಅನ್ನು ಹಿಡಿಯುವ ಸ್ಟ್ರಿಪ್ ಸಾಮಾನ್ಯ ಕಿಟ್‌ಗಳಲ್ಲಿ ಇರುವುದೇ ಇಲ್ಲ. ಶನಿವಾರ ರಾತ್ರಿ ಎಂಡಿ ತಗೊಂಡವನು ಗುರುವಾರದ ಪರೀಕ್ಷೆಯಲ್ಲಿ ಪಾಸ್. ಎರಡು ವಾರದ ಹಿಂದೆ ಗಾಂಜಾ ಬಿಟ್ಟವನು ಫೇಲ್ ಆಗಬಹುದು. ಹಾಗಾಗಿ ಇಂಥ ತಪಾಸಣೆಯ ಅಂಕಿಗಳಲ್ಲಿ ಗಾಂಜಾ ಎದ್ದು ಕಾಣುತ್ತದೆ, ಉತ್ತೇಜಕಗಳು ಕಾಣುವುದು ಬಹಳ ಕಡಿಮೆ.

ಎರಡು, ಕಿಟ್ ಸುಳ್ಳೂ ಹೇಳುತ್ತದೆ. ನೆಗಡಿ ಗುಳಿಗೆಯಲ್ಲಿರುವ ಸ್ಯೂಡೋಎಫೆಡ್ರಿನ್, ಬಿಪಿಗೆ ಕೊಡುವ ಲ್ಯಾಬೆಟಲಾಲ್, ಖಿನ್ನತೆಗೆ ಮತ್ತು ಸಿಗರೇಟು ಬಿಡಿಸಲು ಕೊಡುವ ಬ್ಯುಪ್ರೋಪಿಯಾನ್, ಅಷ್ಟೇ ಯಾಕೆ ಗ್ಯಾಸ್ ಆಯಿತು ಅಂತ ನುಂಗುವ ರಾನಿಟಿಡಿನ್ ಕೂಡ ಕೆಲವು ಕಿಟ್‌ಗಳಲ್ಲಿ ಆಂಫೆಟಮಿನ್ ಅಂತ ತೋರಿಸಬಹುದು. ಅದಕ್ಕೇ ಕಿಟ್ ಪಾಸಿಟಿವ್ ಬಂದರೆ ಲ್ಯಾಬಿನಲ್ಲಿ ಮಾಸ್ ಸ್ಪೆಕ್ಟ್ರೋಮೆಟ್ರಿ ಪರೀಕ್ಷೆ ಮಾಡಿ ಖಚಿತ ಮಾಡಿಕೊಳ್ಳಬೇಕು. ಅದು ಮುಗಿಯುವ ಮೊದಲೇ ಹುಡುಗನ ಫೋಟೊ ವಾಟ್ಸಾಪ್ ಗ್ರೂಪಿನಲ್ಲಿ ಸುತ್ತುತ್ತಿದ್ದರೆ ಆಮೇಲೆ ಬರುವ ಲ್ಯಾಬ್ ವರದಿಯಿಂದ ಏನು ಪ್ರಯೋಜನ?

ಎರಡು ಕಡೆಯ ವಾದ

ಪೊಲೀಸರ ವಾದ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಕೊಳ್ಳುವವನೇ ಇಲ್ಲದಿದ್ದರೆ ಮಾರುವವನು ಬರುವುದಿಲ್ಲ. ಸೇವಿಸುವವರನ್ನು ಹಿಡಿದು ಕೇಳಿದಾಗಲೇ ಮಾರುವವರ ಜಾಡು ಸಿಗುತ್ತದೆ. ಮನೆಯವರಿಗೆ ವಿಷಯ ಗೊತ್ತಾಗುವುದೂ ಆಗಲೇ. ಮಗ ಏನು ಮಾಡುತ್ತಿದ್ದಾನೆ ಅಂತ ವರ್ಷಗಟ್ಟಲೆ ತಿಳಿಯದೇ ಇದ್ದ ಎಷ್ಟೋ ತಂದೆತಾಯಿಗೆ ಠಾಣೆಯಿಂದ ಬಂದ ಫೋನೇ ಮೊದಲ ಸುದ್ದಿ.

ಮನೋವೈದ್ಯರ ವಾದ ಬೇರೆ. ಚಟ ಒಂದು ಕಾಯಿಲೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಮದ್ಯ, ಡ್ರಗ್ಸ್ ಸಂಬಂಧದ ಸಮಸ್ಯೆಗಳನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಗೆ ಸೇರಿಸಲಾಗಿದೆ. ಭಯ ಹುಟ್ಟಿಸಿದರೆ ಜನ ಚಿಕಿತ್ಸೆಗೆ ಬರುವುದಿಲ್ಲ, ಇನ್ನೂ ಗುಟ್ಟಾಗಿ ಬಳಸುತ್ತಾರೆ. ಉತ್ತೇಜಕಗಳ ವಿಷಯದಲ್ಲಿ ಇದು ಜೀವದ ಪ್ರಶ್ನೆ. ಹೆರಾಯಿನ್ ಜಾಸ್ತಿಯಾದರೆ ನಾಲೊಕ್ಸೋನ್ ಅನ್ನುವ ಪ್ರತಿಮದ್ದು ಇದೆ. ಮೆಥ್, ಎಂಡಿ, ಕೊಕೇನ್ ಜಾಸ್ತಿಯಾದರೆ ಅಂಥದ್ದು ಒಂದೂ ಇಲ್ಲ. ಮೈ ಸುಡುವಷ್ಟು ಜ್ವರ, ವಿಪರೀತ ಎದೆ ಬಡಿತ, ಸೆಟೆದ ದವಡೆ, ಫಿಟ್ಸ್ ಇವು ಕಂಡ ಕೂಡಲೇ ಆಸ್ಪತ್ರೆಗೆ ಒಯ್ದು ಮೈ ತಣಿಸಿ, ಶಾಂತಗೊಳಿಸುವ ಇಂಜೆಕ್ಷನ್ ಕೊಟ್ಟು ಉಳಿಸಬೇಕು. ಪೊಲೀಸ್ ಕೇಸ್ ಆಗುತ್ತದೆ ಅಂತ ಗೆಳೆಯರು ರೂಮಿನಲ್ಲೇ ಮಲಗಿಸಿ ನೀರು ಹೊಡೆಯುತ್ತಾ ಕೂತರೆ ಆ ಹೊತ್ತು ಕೈ ತಪ್ಪುತ್ತದೆ.

ಎರಡೂ ವಾದ ಮುಟ್ಟುವ ಒಂದು ಜಾಗ ಕಾಯ್ದೆಯಲ್ಲೇ ಇದೆ. ಎನ್‌ಡಿಪಿಎಸ್‌ನ ಕಲಂ 64ಎ ಪ್ರಕಾರ, ಸೇವನೆಯ ಇಲ್ಲವೇ ಸಣ್ಣ ಪ್ರಮಾಣದ ಆರೋಪ ಇರುವ ವ್ಯಸನಿ ತಾನಾಗಿ ಸರ್ಕಾರಿ ಇಲ್ಲವೇ ಮಾನ್ಯತೆ ಪಡೆದ ಆಸ್ಪತ್ರೆಗೆ ಚಿಕಿತ್ಸೆಗೆ ಹೋದರೆ ಆ ಆರೋಪದ ಮೊಕದ್ದಮೆಯಿಂದ ರಕ್ಷಣೆ ಸಿಗುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ರಕ್ಷಣೆ ವಾಪಸ್ ಹೋಗಬಹುದು. ದಾಳಿಯ ದಿನ ಪತ್ರಿಕಾಗೋಷ್ಠಿಯಲ್ಲಿ ಈ ಕಲಂ ಬಗ್ಗೆ ಎರಡು ಮಾತು ಹೇಳಿದರೆ ಖರ್ಚೇನೂ ಇಲ್ಲ.

ಸಪ್ತಾಪುರದ ಲೆಕ್ಕ

ಧಾರವಾಡ ಅಂದ ಮೇಲೆ ಓದುವ ಹುಡುಗರ ಮಾತು ಬಿಡುವ ಹಾಗಿಲ್ಲ. ಕೆಎಎಸ್, ಪಿಎಸ್‌ಐ, ಪಿಡಿಒ ಅಂತ ಸುತ್ತಲಿನ ಜಿಲ್ಲೆಗಳಿಂದ ಬಂದು ಸಪ್ತಾಪುರದ ಸುತ್ತ ರೂಮು ಮಾಡಿಕೊಂಡು, ರೀಡಿಂಗ್ ರೂಮಿನಲ್ಲಿ ದಿನಕ್ಕೆ ಹನ್ನೆರಡು ತಾಸು ಕೂರುವವರು ಇವರು. ಇಂಥವರಿಗೆ ಯಾರೋ ಒಬ್ಬ ‘ನಿದ್ದೆ ಬರದ ಗುಳಿಗೆ’ ಬಗ್ಗೆ ಹೇಳಿದರೆ ಆಸೆ ಆಗದೇ ಇರುತ್ತದಾ? ಅಲ್ಲಿ ಬರುವ ಹೆಸರು ಸಾಮಾನ್ಯವಾಗಿ ಮೊಡಾಫಿನಿಲ್.

2023ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು 40 ಆರೋಗ್ಯವಂತರಿಗೆ ಮಿಥೈಲ್‌ಫೆನಿಡೇಟ್, ಡೆಕ್ಸ್ಟ್ರೋಆಂಫೆಟಮಿನ್, ಮೊಡಾಫಿನಿಲ್ ಕೊಟ್ಟು ಕಠಿಣ ಲೆಕ್ಕದಂಥ ಸಮಸ್ಯೆ ಬಿಡಿಸಲು ಹೇಳಿದರು. ಎಲ್ಲರೂ ಜಾಸ್ತಿ ಹೊತ್ತು, ಜಾಸ್ತಿ ಹುರುಪಿನಿಂದ ಒದ್ದಾಡಿದರು. ಕೆಲಸದ ಗುಣಮಟ್ಟ ಮಾತ್ರ ಇಳಿಯಿತು. ಗುಳಿಗೆ ಇಲ್ಲದೆ ಚೆನ್ನಾಗಿ ಮಾಡುತ್ತಿದ್ದವರು ಗುಳಿಗೆ ತಗೊಂಡು ಸರಾಸರಿಗಿಂತ ಕೆಳಗೆ ಹೋದದ್ದೂ ಕಂಡಿತು. ಕಾಯಿಲೆ ಇದ್ದವರಿಗೆ ಕೊರತೆ ತುಂಬುವ ಮದ್ದು ಕೊರತೆ ಇಲ್ಲದವರಿಗೆ ಬರೀ ‘ನಾನು ಚೆನ್ನಾಗಿ ಓದ್ತಿದ್ದೀನಿ’ ಅನ್ನುವ ಭಾವನೆ ಕೊಡುತ್ತದೆ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ಆ ನಿದ್ದೆಯನ್ನೇ ಕದ್ದು ಪರೀಕ್ಷೆಗೆ ಕೂತರೆ ನಷ್ಟ ಯಾರಿಗೆ? ಮೊಡಾಫಿನಿಲ್‌ನಿಂದ ಅಪರೂಪಕ್ಕೆ ಜೀವಕ್ಕೇ ಅಪಾಯವಾಗುವ ಚರ್ಮದ ಅಲರ್ಜಿ ಬರುತ್ತದೆ. ಗರ್ಭನಿರೋಧಕ ಗುಳಿಗೆಯ ಪರಿಣಾಮವನ್ನೂ ಅದು ತಗ್ಗಿಸುತ್ತದೆ. ಇದನ್ನು ರೂಮ್‌ಮೇಟ್ ಹೇಳುವುದಿಲ್ಲ.

ಮುಂದೇನು

ಒತ್ತಡ ಹೆಚ್ಚಾದಂತೆ ಮೆಫೆಂಟರ್ಮಿನ್ ಅನ್ನು ಎನ್‌ಡಿಪಿಎಸ್‌ಗೆ ಸೇರಿಸಿ ಅನ್ನುವ ಮಾತು ಜೋರಾಗುತ್ತದೆ. ಹಿಂದೆಯೂ ಹೀಗೆ ಆಗಿದೆ. ಮೆಫೆಡ್ರೋನ್ ಸೇರಿದ್ದು 2015ರಲ್ಲಿ, ಟ್ರಮಡಾಲ್ ಸೇರಿದ್ದು 2018ರಲ್ಲಿ. ಟ್ರಮಡಾಲ್ ಸೇರಿದ ಮೇಲೆ ಬಳಸುವವರು ಪಟ್ಟಿಯ ಹೊರಗಿದ್ದ ಟಾಪೆಂಟಡಾಲ್ ಕಡೆ ವಾಲಿದರು. ಬಾಗಿಲು ಒಂದು ಮುಚ್ಚಿದರೆ ಪಕ್ಕದ್ದು ತೆರೆಯುತ್ತದೆ. ಮೆಫೆಂಟರ್ಮಿನ್ ಅನ್ನು ಬಿಗಿ ಮಾಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೆರಿಗೆ ಆಸ್ಪತ್ರೆಗಳಿಗೆ ಅದು ತಪ್ಪಿಹೋಗುವಂತೆ ಬಿಗಿ ಮಾಡಿದರೆ ಇನ್ನೊಂದು ತೊಂದರೆ ತಂದುಕೊಂಡ ಹಾಗೆ. ಚಿಲ್ಲರೆ ಅಂಗಡಿಯಲ್ಲಿ ಮಾರಾಟ ನಿಲ್ಲಿಸಿ ಆಸ್ಪತ್ರೆಗೆ ಮಾತ್ರ ನೇರ ಪೂರೈಕೆ ಮಾಡುವುದು ನಡುವಿನ ದಾರಿ.

ಪರೀಕ್ಷಾ ಕಿಟ್ ಗಾಂಜಾವನ್ನೇ ಹಿಡಿಯುತ್ತಾ ಹೋದರೆ, ಗಾಂಜಾಕ್ಕಿಂತ ಬೇಗ ಗುರುತು ಅಳಿಸಿಹೋಗುವ ಪುಡಿಗಳ ಕಡೆ ಹುಡುಗರು ಸರಿಯುವ ಸಾಧ್ಯತೆ ಇದೆ. ಅದು ಗಾಂಜಾಕ್ಕಿಂತ ಎಷ್ಟೋ ಪಾಲು ಅಪಾಯದ ದಾರಿ. ಉತ್ತೇಜಕಗಳ ಚಟಕ್ಕೆ ಹೆರಾಯಿನ್‌ಗೆ ಇರುವಂತೆ ಬದಲಿ ಔಷಧಿ ಇಲ್ಲ. ಆಪ್ತಸಮಾಲೋಚನೆ, ನಡವಳಿಕೆ ಚಿಕಿತ್ಸೆ, ಮನೆಯವರ ತಾಳ್ಮೆ, ಬಿಟ್ಟ ಮೇಲೆ ಬರುವ ಖಿನ್ನತೆಗೆ ಚಿಕಿತ್ಸೆ, ಇವೇ ಇರುವುದು. ಅದಕ್ಕೆ ಹಾಸಿಗೆಗಿಂತ ಮುಖ್ಯವಾಗಿ ತರಬೇತಿ ಪಡೆದ ಜನ ಬೇಕು. ಈ ಭಾಗದಲ್ಲಿ ಅದಕ್ಕೆ ಮೊದಲು ನೆನಪಾಗುವುದು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಗದಗ ಮತ್ತು ಹಾವೇರಿಯ ವೈದ್ಯಕೀಯ ಕಾಲೇಜುಗಳ ಮನೋವೈದ್ಯ ವಿಭಾಗಗಳಿಗೂ ಹೋಗಬಹುದು. ಫೋನಿನಲ್ಲಿ ಮಾತಾಡಬೇಕಾದರೆ ಟೆಲಿ ಮಾನಸ್ 14416, ವ್ಯಸನ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446. ಮಾರಾಟದ ಬಗ್ಗೆ ದೂರು ಕೊಡಲು 1933. ಮನೆಯಲ್ಲಿ ಚಟದ ಸಮಸ್ಯೆ ಇದ್ದವರು ಮೊದಲ ಎರಡಕ್ಕೆ ಕರೆ ಮಾಡಬೇಕು, ಮೂರನೆಯದು ಬೇರೆ ಕೆಲಸದ್ದು.

ಇನ್ನು ಎಡಿಎಚ್‌ಡಿ ಗುಳಿಗೆಯ ಚೀಟಿ ಹಿಡಿದು ನಿಂತ ಅಪ್ಪನ ವಿಷಯ. ಡಾಕ್ಟರ ಚೀಟಿಯೊಂದಿಗೆ ಮಗುವಿಗಾಗಿ ತಗೊಂಡ ಮಿಥೈಲ್‌ಫೆನಿಡೇಟ್ ಕಾನೂನಿಗೆ ವಿರುದ್ಧ ಅಲ್ಲ. ವೈದ್ಯಕೀಯ ಬಳಕೆಗೆ ಎನ್‌ಡಿಪಿಎಸ್‌ನಲ್ಲೇ ಅವಕಾಶ ಇದೆ. ಚೀಟಿಯ ಪ್ರತಿ, ಅಂಗಡಿಯ ಬಿಲ್ಲು ಎರಡನ್ನೂ ಗುಳಿಗೆಯ ಜೊತೆಗೇ ಇಟ್ಟುಕೊಳ್ಳಬೇಕು. ಗುಳಿಗೆ ಮನೆಯ ದೊಡ್ಡ ಹುಡುಗರ ಕೈಗೆ ಸಿಗದ ಜಾಗದಲ್ಲಿ ಇರಬೇಕು. ಪೇಪರಿನಲ್ಲಿ ಡ್ರಗ್ಸ್ ಸುದ್ದಿ ಓದಿ ಗಾಬರಿಯಾಗಿ ಔಷಧಿ ತಾವಾಗಿ ನಿಲ್ಲಿಸುವ ಮೊದಲು, ಬರೆದುಕೊಟ್ಟ ಡಾಕ್ಟರನ್ನು ಒಂದು ಮಾತು ಕೇಳಬೇಕು.